ಕೆಳಗಿನ ಹುಲ್ಲುಗಾವಲಿನ ಗಂಡುಮರಿಗಳು

ಲಾಂಗ್‌ವ್ಯೂ, ಆಲ್ಬರ್ಟಾ
ಜುಲೈ ಒಂಬತ್ತು, ಬುಧವಾರ

ಪ್ರೀತಿಯ ಟಿಲ್ಡಾ,

ಹೇಗಿದ್ದೀಯ ಮಗೂ? ಹ್ಯಾಲಿಫ್ಯಾಕ್ಸಿನ ಸಮುದ್ರದ ಗಾಳಿಗೆ ಕೆಮ್ಮು ಹೆಚ್ಚಿಲ್ಲ ತಾನೆ? ವಿಜ್ಞಾನಿಗಳ ಸಭೆಯಲ್ಲಿ ಮಾತಾಡಬೇಕಾದವರು ಬರೀ ಕಾಫಿ ಕುಡಿದು ನಿಲ್ಲಬಾರದು, ಹೊಟ್ಟೆಗೆ ಏನಾದರೂ ತಿನ್ನು. ನನ್ನ ಮೊಣಕಾಲು ಹಾಗೇ ಇದೆ. ನಾಯಿ ಟಿಂಕರ್ ಚೆನ್ನಾಗಿದ್ದಾಳೆ, ಬೇಕಾದ್ದಕ್ಕಿಂತ ಚೆನ್ನಾಗಿದ್ದಾಳೆ.

ಬಿಲದಲ್ಲಿ ಬದುಕುವ ನೆಲ ಅಳಿಲುಗಳ ಮೇಲಿನ ಈ ವರ್ಷದ ನಿನ್ನ ಕೆಲಸಕ್ಕೆ ಏನೇನು ಹಿಡಿಯಿತು ಎಂದು ಕೂಡಿಸುತ್ತಾ ಕೂತಿದ್ದೆ. ಬೇಲಿ ಕಂಬ ಮಾರಿ ಬದುಕಿದವನಿಗೆ ಈ ಚಟ ಬಿಡುವುದಿಲ್ಲ. ಬೋನಿಗೆ ಹಚ್ಚಲು ಕಡಲೆಕಾಯಿ ಬೆಣ್ಣೆ. ಅಳಿಲುಗಳ ಬೆನ್ನಿಗೆ ಗುರುತು ಬರೆಯಲು ಕಪ್ಪು ಕೂದಲ ಬಣ್ಣ. ಅದನ್ನು ಕೊಳ್ಳುವಾಗ ಅಂಗಡಿಯ ಹೆಂಗಸು ನನ್ನ ಬೋಳುತಲೆ ನೋಡಿ ನಕ್ಕಿದ್ದು ಬೇರೆ. ನಿನ್ನ ಒಂದು ಜೊತೆ ಬೂಟು. ಕೊನೆಗೆ, ಡಾಕ್ಟರೇಟಿಗಾಗಿ ನೀನು ಸವೆಸಿದ ನಾಲ್ಕು ವರ್ಷ. ಅದನ್ನು ಯಾವ ಅಂಗಡಿಯವನೂ ವಾಪಸು ಕೊಡುವುದಿಲ್ಲ.

ಏಪ್ರಿಲ್‌ನಲ್ಲಿ ಅಡುಗೆಮನೆಯಲ್ಲಿ ಕೂತು ನೀನು ವಿವರಿಸಿದ್ದು ನೆನಪಿದೆ. ಚಳಿಗಾಲದ ನಿದ್ದೆಯಿಂದೆದ್ದ ಹೆಣ್ಣು ನೆಲ ಅಳಿಲು ಗಂಡಿನೊಡನೆ ಕೂಡುವ ಮೊದಲು, ಅದರ ಮೈಯಲ್ಲಿ ಒತ್ತಡದ ಹಾರ್ಮೋನು ಹೆಚ್ಚಿದ್ದರೆ ಗಂಡುಮರಿಗಳು ಹೆಚ್ಚು ಹುಟ್ಟುತ್ತವೆ. ಹಿಕ್ಕೆಯಲ್ಲಿ ಅದನ್ನು ಅಳೆಯಬಹುದು. ಬಿಸಿಲು ಬೀಳುವ ಮೇಲಿನ ಹುಲ್ಲುಗಾವಲಿನಲ್ಲಿ ಗಂಡು ಹೆಣ್ಣು ಸರಿಸಮ. ಹಿಮ ಕರಗದೆ ಮೇವಿಲ್ಲದ ಕೆಳಗಿನದರಲ್ಲಿ ಒತ್ತಡ ಹೆಚ್ಚಿ ಗಂಡೇ ಹೆಚ್ಚು ಹುಟ್ಟಬಹುದು ಎಂದು ನೀನು ಅಂದುಕೊಂಡಿದ್ದೆ. "ಇದು ನನ್ನ ಊಹೆ ಅಷ್ಟೇ ತಾತಾ, ಸುಳ್ಳಾದ್ರೂ ನಷ್ಟ ಇಲ್ಲ" ಅಂದೆ. ಆ ಕೊನೆಯ ಮಾತು ನನ್ನ ಕಿವಿಗೆ ಇಳಿಯಲಿಲ್ಲ.

ಮರುದಿನ ಕಾಫಿ ಅಂಗಡಿಯಲ್ಲಿ, ಪಕ್ಕದ ದನದ ಫಾರ್ಮಿನ ಡೆಲ್ಬರ್ಟ್ ಎಲ್ಲರೆದುರು ಶುರುಮಾಡಿದ: "ಏನಯ್ಯಾ ಆಲ್ಡನ್, ನಾವು ಗುಂಡು ಹೊಡೆಯೋ ಪ್ರಾಣಿ ಹಿಂದೆ ನಿನ್ನ ಮೊಮ್ಮಗಳು ಚಮಚ ಹಿಡ್ಕೊಂಡು ಓಡ್ತಾಳಂತೆ? ಹಿಕ್ಕೆ ಆರಿಸಿದ್ರೂ ಡಾಕ್ಟರ್ ಮಾಡ್ತಾರಾ?" ಮೇಜು ಬಡಿದು ನಕ್ಕರು. "ಜೂನ್ ಬರ್ಲಿ ಕಣೋ, ಕೆಳಗಡೆ ಬರೀ ಗಂಡೇ ಎದ್ದು ಬರ್ತವೆ. ನೀನೇ ಬಂದು ನೋಡ್ಕೊ" ಎಂದುಬಿಟ್ಟೆ. ಒಪ್ಪಿಕೊಂಡ ಸರಕನ್ನು ತಲುಪಿಸದೆ ಬಿಟ್ಟವನಲ್ಲ ನಾನು. ಅದೇ ನನ್ನ ರೋಗ.

ಜೂನ್‌ನಲ್ಲಿ ಮರಿಗಳು ಬಿಲದಿಂದ ಹೊರಬಂದವು. ನೀನು ಒಂದೊಂದನ್ನೇ ತಿರುಗಿಸಿ ನೋಡಿ, "ತಾತಾ, ಇದೂ ಗಂಡೇ!" ಎಂದು ಕೂಗುತ್ತಿದ್ದೆ. ಬೇಲಿಗೆ ಒರಗಿದ್ದ ಡೆಲ್ಬರ್ಟ್ ನಗು ನುಂಗಿ, ನಿನಗೆ ಮರ್ಯಾದೆ ತೋರಿಸಲು ಟೋಪಿ ತೆಗೆದ. ನೀನು ಓಡಿಬಂದು ನನ್ನನ್ನು ಅಪ್ಪಿಕೊಂಡೆ. ಆ ಮಧ್ಯಾಹ್ನ ನನಗೆ ಊಟ ಸೇರಲಿಲ್ಲ. ಬಿಸಿಲು ಬಡಿದಿರಬೇಕು ಅಂದೆ ನೀನು. ಆಮೇಲೆ ಫೋನು ಮಾಡಿದಾಗಲೆಲ್ಲ ನಿನ್ನ ದನಿಯ ಖುಷಿ ಕೇಳಿ, ಮೋಡ ಮಳೆಯ ಮಾತಾಡಿ ಇಟ್ಟುಬಿಟ್ಟೆ.

ನಿನ್ನ ಅಮ್ಮನಿಗೆ ನನ್ನ ನೆನಪು ಹೇಳು. ಎಲ್ಲಿದ್ದರೂ ನಿನಗೆ ಒಳ್ಳೆಯದೇ ಆಗಲಿ.

ನಿನ್ನ ತಾತ,
ಆಲ್ಡನ್

ತಾ.ಕ.: ಅಂಚೆಯವಳು ಗೇಟಿಗೆ ಬಂದಾಯಿತು, ಇನ್ನು ಸುತ್ತಿಬಳಸುವುದಿಲ್ಲ. ಏಪ್ರಿಲ್‌ನಲ್ಲಿ ನೀನು ಮೇಲೆ ಬೋನು ಹಾಕುತ್ತಿದ್ದ ದಿನಗಳಲ್ಲಿ ನಾನು ಅಳಿಲುಗಳನ್ನು ಬೆದರಿಸಲು ಟಿಂಕರಳನ್ನು ಕೆಳಗಿನ ಹುಲ್ಲುಗಾವಲಿಗೆ ಬಿಡುತ್ತಿದ್ದೆ. ಹೆಣ್ಣು ಅಳಿಲುಗಳು ಬಿಲದಿಂದ ತಲೆ ಎತ್ತುವಂತಿರಲಿಲ್ಲ. ಆ ಒತ್ತಡ ಹಿಮದ್ದೋ ನಾಯಿಯದ್ದೋ, ಈಗ ಯಾರೂ ಬೇರ್ಪಡಿಸಲಾರರು. ಸಭೆಯಲ್ಲಿ ಗಂಡುಮರಿ ಹೆಚ್ಚಿದ್ದು ಹಿಮದಿಂದ ಎಂದು ಹೇಳಬೇಡ. ತಾತ ಕೆಡಿಸಿದ ಎನ್ನು, ಹೆಸರು ಹಿಡಿದೇ ಹೇಳು. ಅಳಿಲುಗಳಿಗೆ ಸಿಕ್ಕಿದ್ದು ಗಂಡುಮರಿಗಳು. ಟಿಂಕರ್‌ಗೆ ಮನಸಾರೆ ಓಟ. ನನಗೆ ಡೆಲ್ಬರ್ಟ್ ಎದುರು ಒಂದು ಬೆಳಗಿನ ಮರ್ಯಾದೆ. ನಿನಗೆ ಈ ಕಾಗದ.