ದೋಣಿಯಲ್ಲಿ ಹತ್ತೋ ಹನ್ನೊಂದೋ

ಹೊಳೆಯ ದಡ
ಹದಿನಾಲ್ಕನೇ ತಾರೀಖು, ಸೋಮವಾರ

ಪ್ರೀತಿಯ ಗುಬ್ಬೀ,

ನಾನೊಬ್ಬ ಇಲ್ಲದಿದ್ದರೆ ಈ ಹೊಳೆ ಎಂದೋ ದಾರಿ ತಪ್ಪಿ ಗುಡ್ಡ ಹತ್ತುತ್ತಿತ್ತು. ಅಂಥ ನಿನ್ನ ಸೋದರಮಾವ ಕ್ಷೇಮ. ನಿನ್ನ ವಾಂತಿ ಕಡಿಮೆಯಾಯಿತೇ? ಒಂದು ತುತ್ತಾದರೂ ಹೊಟ್ಟೆಯಲ್ಲಿ ನಿಲ್ಲುತ್ತಿದೆಯೇ? ನಿನ್ನ ಗಂಡನಿಗೆ ಹೇಳು, ಪಾತ್ರೆ ತೊಳೆದರೆ ಮೀಸೆ ಉದುರುವುದಿಲ್ಲ. ನಾನು ತೊಳೆದು ನೋಡಿದ್ದೇನೆ.

'ಎರಡು ತಿಂಗಳು. ಈ ಬಸಿರು ಈಗ ನನಗೆ ಬೇಡ. ಇಪ್ಪತ್ತನಾಲ್ಕಕ್ಕೆ ಆಸ್ಪತ್ರೆಗೆ ಬರಹೇಳಿದ್ದಾರೆ, ಅಮ್ಮ ಪಕ್ಕದಲ್ಲಿದ್ದರೆ ಸಾಕು' ಎಂದು ನೀನು ಬರೆದದ್ದನ್ನು ನಿಮ್ಮಮ್ಮನಿಗೆ ಓದಿ ಹೇಳಿದವನು ನಾನೇ. 'ಅದೂ ಒಂದು ಜೀವ ಕಣೋ. ತೆಗೆಸೋಳ ಪಕ್ಕ ನಾನು ಹೇಗೆ ಕೂತ್ಕೊಳ್ಳಲಿ?' ಅಂದವಳು ಒಲೆಯ ಕಡೆ ತಿರುಗಿಬಿಟ್ಟಳು. ನನ್ನ ವಿದ್ಯೆಯನ್ನೆಲ್ಲ ಖರ್ಚು ಮಾಡಿ ವಾದಿಸಿದೆ. ನಾಲ್ಕನೇ ಕ್ಲಾಸೊಂದನ್ನೇ ಮೂರು ವರ್ಷ ಓದಿದವನು ನಾನು, ಅಷ್ಟು ಆಳವಾಗಿ ಓದಿದವರು ಈ ಸೀಮೆಯಲ್ಲಿಲ್ಲ. ಆದರೂ ಏನೂ ನಾಟಲಿಲ್ಲ. ಕೊನೆಗೆ, ಅವಳು ನಿನ್ನ ಹತ್ತಿರ ಹೋಗುತ್ತಾಳೋ ಇಲ್ಲವೋ ಎಂದು ರಿಟೈರ್ಡ್ ಮೇಷ್ಟ್ರ ಜೊತೆ ಚಿಲ್ಲರೆ ಕಾಸಿನ ಪಂದ್ಯ ಕಟ್ಟಿ ಕೂತೆ.

ಈಗ ಕೇಳು ಮಜಾ! ನಿನ್ನೆ ಬೆಳಿಗ್ಗೆ ನನ್ನ ದೋಣಿಯಲ್ಲಿ ನನ್ನನ್ನು ಬಿಟ್ಟು ಒಂಬತ್ತು ಜನ ಕೂತಿದ್ದರು, ಅವರಲ್ಲಿ ಹಿಂದುಗಡೆ ಸಂತೆಯ ಚೀಲ ಹಿಡಿದ ನಿಮ್ಮಮ್ಮನೂ ಒಬ್ಬಳು. ದೋಣಿಯ ಮೂತಿಯ ಮೇಲೆ 'ಹತ್ತು ಜನಕ್ಕೆ ಮಾತ್ರ' ಎಂದು ಬರೆದಿದೆ. ಬರೆದವನು ನಾನೇ, ಅಕ್ಷರ ಮುತ್ತಿನಂತಿವೆ. ಅಷ್ಟರಲ್ಲಿ ತುಂಬು ಬಸುರಿಯೊಬ್ಬಳು ಏದುಸಿರು ಬಿಡುತ್ತ ಬಂದಳು. ಕೈ ಕೊಟ್ಟು ಹತ್ತಿಸಿ 'ಹತ್ತು' ಅಂದೆ. ಮೇಷ್ಟ್ರು ಕೊಡೆ ಎತ್ತಿ 'ಹನ್ನೊಂದು!' ಅಂದರು. ಹೊತ್ತಿಕೊಂಡಿತು ನೋಡು! 'ಬಸಿರು ನಿಂತ ದಿನವೇ ಅದು ಮನುಷ್ಯ. ಆಮೇಲೆ ಬೆಳೆಯುತ್ತೆ ಅಷ್ಟೆ, ಹೊಸದಾಗಿ ಏನೂ ಬಂದು ಸೇರಲ್ಲ' ಎಂದು ಮೇಷ್ಟ್ರು. ಪಕ್ಕದಲ್ಲಿದ್ದ ನರ್ಸಮ್ಮ ಬಿಡುತ್ತಾಳೆಯೇ? 'ಈಕೆಯದು ತುಂಬಿದ ಬಸಿರು, ಒಪ್ಪಿದೆ. ನೋವೇ ತಿಳಿಯದ, ತಾಯಿಯನ್ನ ಬಿಟ್ಟು ಒಂದು ಗಳಿಗೆ ಇರಲಾಗದ ಎರಡು ತಿಂಗಳದ್ದಕ್ಕೂ ಇದೇ ಲೆಕ್ಕಾನಾ ಮೇಷ್ಟ್ರೇ?' 'ಮತ್ತೆ ಗೆರೆ ಎಲ್ಲಿ ಎಳೀತೀಯಮ್ಮಾ? ಇವತ್ತಲ್ಲ, ನಾಳೆ ಹೌದು ಅಂತ ಯಾವ ಬಾಯಲ್ಲಿ ಹೇಳ್ತೀಯಾ?' ನಾನಂತೂ ಎರಡೂ ಪಕ್ಷ ಸೇರಿ ಕೂಗಿದೆ. ದಡದಲ್ಲಿದ್ದ ನಾಯಿಗಳೂ ಸೇರಿಕೊಂಡವು.

ಆಗ ನಿಮ್ಮಮ್ಮ ಎದ್ದಳು. 'ಹನ್ನೊಂದೇ ಸರಿ. ಜೀವ ಜೀವ ಅಂತ ಬಾಯಲ್ಲಿ ಹೇಳಿ ಜಾಗ ಬಿಡದಿದ್ರೆ ಹೇಗೆ? ನಾನಿಳೀತೀನಿ' ಅಂದಳು. ಗುಬ್ಬೀ, ಹನ್ನೊಂದು ಎಂದು ಕೂಗಿದ ಮೇಷ್ಟ್ರೇ ಅಲುಗಾಡಿರಲಿಲ್ಲ! ಆ ಬಸುರಿ ಅವಳ ಕೈ ಹಿಡಿದಳು. 'ಕೂತ್ಕೊಳ್ಳಿ ಅಮ್ಮಾ. ಇದನ್ನ ಹೊತ್ತಿರೋದು ದೋಣಿಯಲ್ಲ, ನಾನು. ಎಲ್ರೂ ಎಣಿಸಿದ್ದೇ ಎಣಿಸಿದ್ದು, ನೀನು ಹೇಗಿದ್ದೀಯಾ ಅಂತ ಒಬ್ರೂ ಕೇಳ್ಲಿಲ್ಲ.'

ನಾನು ಬಾಯಿ ಮುಚ್ಚಿದೆ. ಸತ್ತೇಹೋದನೇನೋ ಎಂದು ಮೀನುಗಳು ಮೇಲೆ ಬಂದು ನೋಡಿದವು. ನಿಮ್ಮಮ್ಮ ಅವಳ ಪಕ್ಕ ಕೂತು, ಹೊಳೆ ದಾಟುವವರೆಗೂ ಬೆನ್ನು ನೀವಿದಳು. 'ಹೇಗಿದ್ದೀಯಾ ಮಗಳೇ? ಕಷ್ಟ ಆಗ್ತಿದ್ಯಾ?' ಎಂದು ಮೆಲ್ಲಗೆ ಕೇಳಿದ್ದು ಹುಟ್ಟು ಹಾಕುತ್ತಿದ್ದ ನನಗೆ ಕೇಳಿಸಿತು.

ಅದು ಯಾವ ದಿನ ಮನುಷ್ಯ ಆಗುತ್ತದೋ ನನಗೆ ಗೊತ್ತಿಲ್ಲ ಗುಬ್ಬೀ. 'ಗೊತ್ತಿಲ್ಲ' ಎಂಬ ಮಾತು ನನ್ನಿಂದ ಹೊರಟದ್ದು ಇದೇ ಮೊದಲು, ಕಾಗದ ಜೋಪಾನವಾಗಿಡು. ನಿನ್ನ ಮನಸ್ಸು ಹೇಳಿದಂತೆ ಮಾಡು. ನಿನ್ನ ತಲೆಯ ಮೇಲೆ ನನ್ನ ಎರಡೂ ಕೈಗಳಿವೆ. ಹುಟ್ಟು ಹಾಕಿ ಒರಟಾಗಿವೆ, ಸಹಿಸಿಕೋ.

ಹೊಳೆಯನ್ನೇ ಪಳಗಿಸಿದ
ನಿನ್ನ ಮಾವ

ತಾ.ಕ.: ಅಂಟು ಹಚ್ಚಿದ ಕವರನ್ನು ಮತ್ತೆ ಹರಿದು ಬರೆಯುತ್ತಿದ್ದೇನೆ. ನಿಮ್ಮಮ್ಮ ಚೀಲ ತುಂಬುತ್ತಿದ್ದಾಳೆ! ಇನ್ನೂ ವಾರವಿದೆ ಕಣೇ ಅಕ್ಕಾ ಎಂದರೂ ಕೇಳುತ್ತಿಲ್ಲ, ನಿನ್ನ ಹಳೇ ಕಂಬಳಿಯೂ ಒಳಗೆ ಹೋಯಿತು. 'ಅದು ಜೀವ ಅನ್ನೋ ನನ್ನ ಮಾತು ನನಗಿದೆ. ಆದ್ರೆ ಅವಳು ಹೇಗಿದ್ದಾಳೆ ಅಂತ ನಾನು ಕೇಳ್ಲೇ ಇಲ್ವಲ್ಲೋ' ಅಂದಳು. ಇಪ್ಪತ್ತೆರಡರ ಸಂಜೆ ಬಸ್ಸಿನ ಹತ್ತಿರ ಗಂಡನನ್ನು ಕಳಿಸು. ಹೋಗೇ ಹೋಗುತ್ತಾಳೆ ಎಂದವರು ಮೇಷ್ಟ್ರು, ಹೋಗುವುದಿಲ್ಲ ಎಂದವನು ನಾನು. ಚಿಲ್ಲರೆ ಕಾಸು ಅಂದೆನಲ್ಲ, ಸುಳ್ಳು. ಮೂರು ಸಾವಿರ.