ಹನ್ನೊಂದು ಟಿಕಳಿಯ ನಕ್ಷೆ

೯ ಫೆಬ್ರವರಿ ೨೦೦೫

ಫ್ಯಾನ್ ಮತ್ತೆ ಕೆಟ್ಟಿದೆ. ಸಂಸ್ಥೆಯ ಹೆಸರು ಸಮತಾ. ಹೆಸರು ಉಳಿಸಿಕೊಂಡಿದೆ, ಗಾಳಿ ಯಾರಿಗೂ ಇಲ್ಲ.

ಕೊಂಡಾಪುರದ ಲೇಬರ್ ಕ್ಯಾಂಪಿನ ನಕ್ಷೆ ಇವತ್ತು ಮುಗಿಸಿದೆ. ನೂರಾ ನಲವತ್ತು ತಗಡಿನ ಖೋಲಿ, ಒಂದಕ್ಕೂ ನಂಬರಿಲ್ಲ. ಎಲ್ಲಾ ಅವಳಿ ಜವಳಿ. ಟಿಬಿ ಪೇಶಂಟ್ ಯಾವ ಬಾಗಿಲ ಹಿಂದೆ ಅಂತ ತಿಳಿಯದೆ ಹೋದ ತಿಂಗಳು ಗಂಗಾ ಗುಳಿಗೆ ಹಿಡಿದುಕೊಂಡು ಯಾರೋ ಬಸುರಿಯ ಕುಬಸದ ಊಟಕ್ಕೆ ಕೂತು ಬಂದಳು. ಅದಕ್ಕೇ ನಕ್ಷೆ. ಆಫೀಸಿನಲ್ಲಿ ಕೆಂಪು ಪಿನ್ ಇರಲಿಲ್ಲ. ಪರ್ಸಿನಲ್ಲಿದ್ದ ಟಿಕಳಿ ಪಾಕೀಟು ತೆಗೆದೆ. ಹನ್ನೊಂದು ಪೇಶಂಟು, ಹಣೆಗೆ ಹಚ್ಚುವ ಹನ್ನೊಂದು ಟಿಕಳಿ. ಟ್ರೀಟ್‌ಮೆಂಟಿನ ಹೆಸರು ಹೇಗೂ ಡಾಟ್ಸ್... ಈ ಜೋಕಿಗೆ ಗಂಗಾ ಮಾತ್ರ ನಕ್ಕಳು. ಅವಳದು ಇನ್ನೂ ಪ್ರೊಬೇಷನ್.

ವಿಶ್ವಜಿತ್ ಸರ್ ಬಂದು ಭಾಳ ಹೊತ್ತು ನೋಡಿದರು.

"ನಲಿನಿ, ಇದು ಎಪಿಡೆಮಿಯಾಲಜಿ ಅಲ್ಲ, ಕಸೂತಿ!"

ಎಂಎಸ್‌ಡಬ್ಲ್ಯೂ ಕ್ಲಾಸಿನಲ್ಲಿ ನನ್ನ ಪ್ರಬಂಧ ಹರಿದು ಹಾಕಿ ಮತ್ತೆ ಬರೆಸಿದವರು, ಈಗ ಸಂಸ್ಥೆಯ ಮುಖ್ಯಸ್ಥರು. ಹದಿನಾಲ್ಕು ವರ್ಷವಾಯಿತು, ಅವರ ಹಿಂದೆಯೇ ಇದ್ದೇನೆ. ಹೊಗಳಿದ್ದು ಇದು ಮೂರನೇ ಸಲ. ಲೆಕ್ಕ ಇಟ್ಟಿಲ್ಲ ಅಂತ ಸುಳ್ಳು ಬರೆಯಲಾರೆ.

೧೪ ಫೆಬ್ರವರಿ

ವ್ಯಾಲೆಂಟೈನ್ಸ್ ಡೇ. ಊರೆಲ್ಲ ಗುಲಾಬಿ ಹಿಡಿದು ಓಡಾಡಿತು. ನಾನು ಗುಳಿಗೆ ಹಿಡಿದು ಕೊಂಡಾಪುರಕ್ಕೆ.

ಬಂಡೆಮ್ಮ ಗೇಟಿನ ಹತ್ತಿರವೇ ಸಿಕ್ಕಳು. ಹಗಲು ಇಟ್ಟಿಗೆ ಹೊರುತ್ತಾಳೆ, ಬೆಳಿಗ್ಗೆ ಹೊರುವ ಮೊದಲು ನಮ್ಮ ಹನ್ನೊಂದು ಜನರಿಗೆ ಎದುರು ನಿಂತು ಗುಳಿಗೆ ನುಂಗಿಸುತ್ತಾಳೆ. ಬಾಯಿ ತೆರೆಸಿ ನಾಲಿಗೆ ಎತ್ತಿಸಿ ನೋಡುತ್ತಾಳೆ. ಪೊಲೀಸ್ ಇಲಾಖೆಗೆ ದೊಡ್ಡ ನಷ್ಟ.

ಹನ್ನೊಂದರಲ್ಲಿ ಒಬ್ಬಳು ಗುಂಡಮ್ಮ, ಗುಳಿಗೆ ಶುರುವಾಗಿ ನಾಲ್ಕನೇ ತಿಂಗಳು. ಕೆಮ್ಮು ನಿಂತಿದೆ, ಮೈ ತುಂಬಿಕೊಂಡಿದೆ, ಬಾಯಿಯಂತೂ ಮೊದಲೇ ತುಂಬಿತ್ತು. "ಈ ಗುಳಿಗಿ ನುಂಗಿದ್ರ ಉಚ್ಚಿ ಸೈತ ಕೆಂಪಗ ಬರ್ತೈತ್ರಿ ಅಕ್ಕೋರ. ಮಂದಿಗಿ ಹೋಳಿ ಒಂದಿನ, ನಮಗ ದಿನಾ ಓಕಳಿ!"

ಇನ್ನೆರಡು ತಿಂಗಳು. ಮುಗಿಸಿದರೆ ಬದುಕಿದಳು. ಅರ್ಧಕ್ಕೆ ಬಿಟ್ಟರೆ ರೋಗ ಮತ್ತೆ ಬರುತ್ತದೆ, ಈ ಸಲ ಗುಳಿಗೆಗೂ ಬಗ್ಗುವುದಿಲ್ಲ. ಇದೇ ಕ್ಯಾಂಪಿನ ಸೂಗಪ್ಪ ಹಾಗೇ ಹೋದ. ಕೆಮ್ಮಿದ ಅಂತ ಮೇಸ್ತ್ರಿ ಭೀಮಾಶಂಕರ ಅವನ ಗಂಟು ಕಟ್ಟಿಸಿ ಊರಿಗೆ ಕಳಿಸಿದ್ದ. ದೀಪಾವಳಿ ನೋಡಲಿಲ್ಲ.

ಅದಕ್ಕೇ ಗುಂಡಮ್ಮ ಎರಡು ಷರತ್ತು ಹಾಕಿದ್ದಾಳೆ. ಮೇಸ್ತ್ರಿಗೆ ತಿಳಿಯಬಾರದು. ಊರಿಗೆ ತಿಳಿಯಬಾರದು — ಮಗಳಿಗೆ ಗಂಡು ಗೊತ್ತಾಗಿದೆ. ರಿಜಿಸ್ಟರಿನಲ್ಲಿ ಊರಿನ ಕಾಲಂ ಖಾಲಿ ಬಿಟ್ಟೆ. ಹನ್ನೊಂದು ಜನರದೂ ಹಾಗೇ. ಕ್ಯಾಂಪೇ ವಿಳಾಸ.

ಹೊರಡುವಾಗ ಬಂಡೆಮ್ಮ ಕೇಳಿದಳು. "ಆ ನಕ್ಷಾ ಯಾರ್ಯಾರು ನೋಡ್ತಾರ್ರಿ?"

"ನಾನು, ಗಂಗಾ, ನಮ್ಮ ಸರ್. ಅಷ್ಟ."

"ಸರ್ ಹೆಂಗ?"

"ನನಗಿಂತ ಗಟ್ಟಿ ಬಂಡೆಮ್ಮ."

೩ ಮಾರ್ಚ್

ಸರ್ ಖುಷಿಯಲ್ಲಿದ್ದಾರೆ. ಕ್ಯಾಂಪು ಇರುವ ಜಾಗದಲ್ಲಿ ಐಟಿ ಪಾರ್ಕ್ ಕಟ್ಟುತ್ತಿರುವ ಬಿಲ್ಡರ್ ನಮಗೆ ಮೊಬೈಲ್ ಕ್ಲಿನಿಕ್ ವ್ಯಾನ್ ಕೊಡುತ್ತಾನಂತೆ, ಎಕ್ಸ್‌ರೇ ಸಮೇತ. ಹದಿನೆಂಟು ಕ್ಯಾಂಪಿಗೆ ಹೋಗಬಹುದು. "ಇದಕ್ಕ ಹೆಲ್ತ್ ಈಕ್ವಿಟಿ ಅಂತಾರ ನಲಿನಿ. ಭಾಷಣ ಅಲ್ಲ, ಗಾಲಿ ಮ್ಯಾಲ ಓಡಾಡೂ ನ್ಯಾಯ!"

ಮನೆಯಲ್ಲಿ ಅಪ್ಪನಿಗೆ ಹೇಳಿದೆ. ಪೇಪರಿನಿಂದ ತಲೆ ಎತ್ತಲಿಲ್ಲ.

"ಈಕ್ವಿಟಿ ಅಂದ್ರ ಶೇರಲ್ಲೇನ? ಏರ್ಯಾವೋ ಇಳದಾವೋ?"

"ಏರ್ಯಾವ ಅಪ್ಪ."

"ಮಾರಿಬಿಡವಾ ಮತ್ತ."

ನಕ್ಕೆ.

೧೧ ಮಾರ್ಚ್

ಅಲಮಾರಿಯಲ್ಲಿ ನಕ್ಷೆ ಇಲ್ಲ. ಎಲ್ಲಾ ಫೈಲು ಕೆಳಗಿಳಿಸಿ ಹುಡುಕಿದೆ. ಗಂಗಾ ಹೇಳಿದಳು — ಸರ್ ಅಬಿಡ್ಸ್ ಪೇಟೆಗೆ ಲ್ಯಾಮಿನೇಷನ್‌ಗೆ ಕಳಿಸಿದ್ದಾರೆ. ಟಿಕಳಿ ಉದುರಬಾರದು ಅಂತ.

ಎಷ್ಟು ಕಾಳಜಿ. ನನಗೇ ಹೊಳೆಯಲಿಲ್ಲ.

೨೪ ಮಾರ್ಚ್, ವಿಶ್ವ ಕ್ಷಯ ದಿನ

ಹೋಟೆಲಿನ ಹಾಲ್. ಕ್ಷಯದ ಕಾರ್ಯಕ್ರಮಕ್ಕೆ ಅಕ್ಷಯ ಪಾತ್ರೆಯಂಥ ಬಫೆ. ಈ ಜೋಕನ್ನು ಯಾರಿಗೆ ಹೇಳಲಿ ಅಂತ ಹುಡುಕುತ್ತ ವೇದಿಕೆ ನೋಡಿದೆ.

ನಕ್ಷೆ ಅಲ್ಲಿತ್ತು. ಫ್ರೇಮಿನಲ್ಲಿ. ಎರಡು ಹೂಬುಟ್ಟಿಗಳ ನಡುವೆ.

ಬಿಲ್ಡರ್ ಅದರ ಮುಂದೆ ನಿಂತು ಒಂದೊಂದೇ ಟಿಕಳಿಯ ಮೇಲೆ ಬೆರಳಿಟ್ಟು ಏನೋ ಕೇಳುತ್ತಿದ್ದ. ಸರ್ ವಿವರಿಸುತ್ತಿದ್ದರು. ಕೆಳಗೆ ಚೀಟಿ: ಮ್ಯಾಪ್ ಬೈ ನಲಿನಿ ಜಾಗೀರದಾರ್. ಸ್ಪೆಲಿಂಗ್ ಸರಿ ಇತ್ತು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ.

ಊಟದ ಹೊತ್ತಿಗೆ ಸರ್‌ನ ಹಿಡಿದೆ. "ಸರ್, ಇದು ಹೊರಗ ಬರಬಾರದಿತ್ತು."

"ಹೆಸರು ಎಲ್ಲಿ ಅದಾವ ಅದರಾಗ? ಬರೇ ಚುಕ್ಕಿ. ಗುಲಾಬ್ ಜಾಮೂನ್ ತಿನ್ನು, ಛಲೋ ಅದಾವ."

ತಿಂದೆ. ಅದನ್ನೂ ಬರೆದಿಡುತ್ತೇನೆ. ಎರಡು ತಿಂದೆ.

೨೮ ಮಾರ್ಚ್

ಹೋಳಿ, ರಜೆ ಮುಗಿಸಿ ಇವತ್ತು ಕ್ಯಾಂಪಿಗೆ ಹೋದೆ.

ಹನ್ನೊಂದು ಖೋಲಿಗೆ ಬೀಗ. ಸಾಲಾಗಿ ಅಲ್ಲ. ಇಲ್ಲೊಂದು, ನಾಲ್ಕು ಬಾಗಿಲು ಬಿಟ್ಟು ಅಲ್ಲೊಂದು, ನೀರಿನ ಟ್ಯಾಂಕಿನ ಹತ್ತಿರ ಎರಡು. ನಡುವಿನ ಮನೆಗಳಲ್ಲಿ ರೊಟ್ಟಿ ಬಡಿಯುವ ಸಪ್ಪಳ. ನಕ್ಷೆ ನೋಡದೆಯೇ ಹೇಳಬಲ್ಲೆ — ಒಂದೂ ತಪ್ಪಿಲ್ಲ. ಅಷ್ಟು ಕರಾರುವಾಕ್ಕಾಗಿ ಬಿಡಿಸಿದ್ದೆ.

ಮೇಸ್ತ್ರಿ ಭೀಮಾಶಂಕರ ಕಟ್ಟೆ ಮೇಲೆ ಕೂತು ಚಹಾ ಕುಡಿಯುತ್ತಿದ್ದ. "ಉಗಾದಿಗೆ ಊರಿಗಿ ಕಳಿಸೀವಿ ಮೇಡಂ. ಬಸ್ ಚಾರ್ಜ್ ನಮ್ಮದ."

"ಉಗಾದಿಗೆ ಇನ್ನ ಹನ್ನೆರಡು ದಿನ ಐತಿ."

"ಲಗೂನ ಹೋದ್ರ ಸೀಟ್ ಸಿಗ್ತಾವ."

"ಯಾವಾಗ ವಾಪಸ್ ಬರ್ತಾರ?"

ಅವನು ಚಹಾದ ಗ್ಲಾಸಿನೊಳಗೆ ನೋಡಿದ. "ಮೇಡಂ, ನಾ ಎರಡು ವರ್ಷದಿಂದ ಇಲ್ಲಿದ್ದೀನಿ. ಯಾವ ಖೋಲ್ಯಾಗ ಯಾರಿದ್ದಾರ ನನಗ ಗೊತ್ತಿರಲಿಲ್ಲ. ಭಾಳ ಛಂದ ಬರದೀರಿ."

ಬಂಡೆಮ್ಮ ಇಟ್ಟಿಗೆ ಹೊತ್ತು ಎದುರಿಗೇ ಹೋದಳು. ಕರೆದೆ. ತಿರುಗಲಿಲ್ಲ. ತಲೆ ಮೇಲೆ ಭಾರ ಇತ್ತು, ಅದಕ್ಕೇ ತಿರುಗಲಿಲ್ಲ ಅಂದುಕೊಂಡೆ. ಇಳಿಸಿ ಬರಿಗೈಯಲ್ಲಿ ವಾಪಸ್ ಬಂದಳು. ಆಗಲೂ ತಿರುಗಲಿಲ್ಲ.

೨೯ ಮಾರ್ಚ್

ಸರ್ ಕೋಣೆ. ಬಾಗಿಲು ನಾನೇ ಹಾಕಿದೆ.

ಮೊದಲು ಗೊತ್ತಿಲ್ಲ ಅಂದರು. ಆಮೇಲೆ, ಬಿಲ್ಡರ್ ಅವರಿಗೆಲ್ಲ ಬೇರೆ ರೂಮ್ ಕೊಡ್ತೀನಿ ಅಂದಿದ್ದ ಅಂದರು. ಬರೆದು ಕೊಟ್ಟಿದ್ದನಾ? ಇಲ್ಲ, ಮಾತು. ನಾನು ಅಳುತ್ತೇನೆ ಅಂತ ತಯಾರಾಗಿದ್ದರು, ನೀರಿನ ಗ್ಲಾಸ್ ಮುಂದೆ ಸರಿಸಿದರು. ನಾನು ಅಳಲಿಲ್ಲ. ಅದಕ್ಕೇ ಇರಬೇಕು, ಸಿಟ್ಟು ಬಂದು ನಿಜ ಹೇಳಿದರು.

"ನಾ ಏನೂ ಮಾಡಲಿಲ್ಲ ಅನಬ್ಯಾಡ. ಅಂವಾ ಹದಿನೈದಕ್ಕ ಕಳಸಾಂವ ಇದ್ದ. ಫಂಕ್ಷನ್ ಮುಗಿಯೂತನ ತಡೀರಿ ಅಂತ ನಾನ ಹೇಳಿದ್ದು. ಅವರಿಗೆ ಹತ್ತು ದಿನದ ಗುಳಿಗೆ ಹೆಚ್ಚು ಸಿಕ್ಕತಲ್ಲ?"

ಉಪಕಾರ ಅಂತ ಹೇಳಿದರು. ಮುಖ ನೋಡಿದೆ. ಹೌದು, ಉಪಕಾರ ಅಂತಲೇ.

"ಹನ್ನೊಂದು ಮಂದಿ ನಲಿನಿ. ಆ ವ್ಯಾನಿಂದ ಎಷ್ಟು ಸಾವಿರ ಮಂದಿಗೆ ಎಕ್ಸ್‌ರೇ ಆಗತದ, ನೀನ ಲೆಕ್ಕಾ ಹಾಕು."

ಲೆಕ್ಕ ಸರಿಯಾಗಿಯೇ ಇದೆ. ಅದೇ ಕಷ್ಟ. ತಪ್ಪು ಲೆಕ್ಕವಾಗಿದ್ದರೆ ಕೆಂಪು ಪೆನ್ನಿನಲ್ಲಿ ಹೊಡೆದು ಎದ್ದು ಬರಬಹುದಿತ್ತು.

೩೦ ಮಾರ್ಚ್

ಜೋಕು ಯಾವುದೂ ಬರಲಿಲ್ಲ.

೨ ಏಪ್ರಿಲ್

ಹನ್ನೊಂದು ಡಬ್ಬಿ ಸ್ಟೋರಿನಲ್ಲಿ ಸಾಲಾಗಿ ಕೂತಿವೆ. ಒಬ್ಬೊಬ್ಬರಿಗೆ ಒಂದೊಂದು, ಮೇಲೆ ಹೆಸರು, ಒಳಗೆ ಉಳಿದ ತಿಂಗಳುಗಳ ಗುಳಿಗೆ. ಇವನ್ನು ಅವರವರ ತಾಲೂಕಿನ ಆಸ್ಪತ್ರೆಗೆ ಕಳಿಸಲು ಫಾರ್ಮ್ ಇದೆ. ಊರಿನ ಹೆಸರು ಬೇಕು. ರಿಜಿಸ್ಟರ್ ತೆಗೆದೆ. ಖಾಲಿ, ಖಾಲಿ, ಖಾಲಿ... ಹನ್ನೊಂದು ಸಲ. ನನ್ನ ಅಕ್ಷರದ ಪಕ್ಕ ನಾನೇ ಬಿಟ್ಟ ಜಾಗ.

ಗುಲಬರ್ಗಾ ಕಡೆ, ರಾಯಚೂರು ಕಡೆ. ಎಷ್ಟು ಸಾವಿರ ಹಳ್ಳಿ ಆ 'ಕಡೆ'ಯಲ್ಲಿ.

ಸರ್ ಮೆಮೋ: ಕ್ಲೈಂಟ್ ಇಲ್ಲದ ಡಬ್ಬಿಗಳನ್ನು ಆರನೇ ತಾರೀಖು ಜಿಲ್ಲಾ ಕೇಂದ್ರಕ್ಕೆ ವಾಪಸ್ ಮಾಡಿ. ಸಹಿ ನನ್ನದು ಬೇಕಂತೆ.

೫ ಏಪ್ರಿಲ್

ಸಂಜೆ ಬಂಡೆಮ್ಮ ಆಫೀಸಿಗೆ ಬಂದಳು. ಎರಡು ಬಸ್ ಬದಲಿಸಿ. ಕುರ್ಚಿ ತೋರಿಸಿದೆ, ಕೂರಲಿಲ್ಲ.

"ಡಬ್ಬಿ ಅದಾವೇನ್ರಿ?"

"ಅದಾವ."

"ಕೊಡ್ರಿ. ನಾ ಒಯ್ದು ಮುಟ್ಟಸ್ತೀನಿ. ಉಗಾದಿ ರಜಾ ಕೇಳೀನಿ."

ಕುರ್ಚಿಯಿಂದ ಎದ್ದೇಬಿಟ್ಟೆ. "ನಿನಗ ಎಲ್ಲಾರ ಊರೂ ಗೊತ್ತದಾವ?"

"ಗೊತ್ತದಾವ."

"ಹೇಳು, ಬರ್ಕೋತೀನಿ. ಅಲ್ಲಿ ಆಸ್ಪತ್ರಿಗೆ ಫೋನ್ ಮಾಡಿ—"

"ಹೇಳಾಂಗಿಲ್ರಿ."

ಪೆನ್ನು ಹಿಡಿದು ನಿಂತಿದ್ದೆ. ಅವಳು ಪೆನ್ನನ್ನೇ ನೋಡಿದಳು.

"ನೀವು ಕೆಟ್ಟವ್ರಲ್ರಿ. ಖರೇನ. ಆದ್ರ ನೀವು ಬರ್ಕೋತೀರಿ. ಅದು ಎಲ್ಲೋ ಒಂದು ಕಡಿ ಹೋಗಿ ಕುಂದರ್ತೈತಿ."

"ಸಹಿ ಇಲ್ಲದ ಹೆಂಗ ಕೊಡ್ಲಿ ಬಂಡೆಮ್ಮ? ಸರ್ಕಾರದ ಔಷಧ. ನೀ ಮುಟ್ಟಿಸಿದಿ ಅಂತ ನಂಗ ಹೆಂಗ ಗೊತ್ತಾಗಬೇಕು?"

ಅವಳು ನಕ್ಕಳು. ನೋಯಿಸುವ ನಗೆಯಲ್ಲ.

"ನಾವು ನಿಮ್ಮನ್ನ ನಂಬಿದ್ದಿವಲ್ರಿ? ಹಂಗ."

ನಾಳೆ ಎಂಟಕ್ಕೆ ಬಸ್. ಅದಕ್ಕೆ ಮೊದಲು ಬರುತ್ತಾಳೆ.

೬ ಏಪ್ರಿಲ್, ಬೆಳಿಗ್ಗೆ ೬.೪೦, ಆಫೀಸ್

ವಾಚ್‌ಮನ್ ಎದ್ದಿಲ್ಲ. ಸ್ಟೋರಿನ ಕೀಲಿ ಕೈಯಲ್ಲಿದೆ. ವಾಪಸಾತಿ ಫಾರ್ಮ್ ಮೇಜಿನ ಮೇಲೆ, ಸಹಿ ಹಾಕಿಲ್ಲ. ಅಪ್ಪನ ಪ್ರಯಾಣದ ಚೀಲ ತಂದಿದ್ದೇನೆ. ಎಂಟು ಡಬ್ಬಿ ಹಿಡಿಸಿತು, ಮೂರು ಹೊರಗಿವೆ. ಇನ್ನೊಂದು ಚೀಲ ಬೇಕು. ಗುಂಡಮ್ಮನದು ಎಲ್ಲಕ್ಕಿಂತ ಹಗುರ, ಅವಳದು ಮುಗಿಯುತ್ತ ಬಂದಿತ್ತು.

ಸಂಜೆ ಸರ್ ಕೇಳುತ್ತಾರೆ. ಕೆಲಸ ಹೋಗಬಹುದು. ಹೋಗಲಿ ಅಂತ ಧೈರ್ಯವಾಗಿ ಬರೆಯಲು ನೋಡಿದೆ, ಕೈ ಬರಲಿಲ್ಲ.

ಬಂಡೆಮ್ಮ ಯಾವ ಬಸ್ಸು ಹತ್ತುತ್ತಾಳೆ ಅಂತ ಕೇಳಬಾರದು. ಸ್ಟ್ಯಾಂಡಿನವರೆಗೆ ಬರ್ತೀನಿ ಅನ್ನಲೂಬಾರದು, ಬೋರ್ಡು ಓದಿಬಿಡುತ್ತೇನೆ. ಗೇಟಿನಲ್ಲೇ ಕೊಟ್ಟು, ತಿರುಗಿ, ಒಳಗೆ ಬಂದುಬಿಡಬೇಕು.

ಮೆಟ್ಟಿಲ ಮೇಲೆ ಸಪ್ಪಳ. ಅವಳೇ. ಯಾವ ಊರು ಅಂತ ಕೇಳುವುದಿಲ್ಲ. ಬಾಯಿಗೆ ಬಂದರೂ—