ಎಲ್ಲರೆದುರೇ ಚುಚ್ಚಿಕೊಂಡೆ

ಫೆಬ್ರವರಿ 9, ಭಾನುವಾರ. ಜರಗನಹಳ್ಳಿ.

ದೊಡ್ಡಮ್ಮನ ಮಾತು ಇನ್ನೂ ಕಿವಿಯಲ್ಲೇ ಇದೆ. ಬುಧವಾರ ನಾನು ಗಂಡ ರಘು ಇರುವ ಡಬ್ಲಿನ್‌ಗೆ ಹೊರಡುತ್ತೇನೆಂದು ಎಲ್ಲರೂ ಮಧ್ಯಾಹ್ನ ಊಟಕ್ಕೆ ಸೇರಿದ್ದರು. ಮುದ್ದೆ ಬಡಿಸುತ್ತಿದ್ದಂತೆ ಇನ್ಸುಲಿನ್ ಪೆನ್ ಹಿಡಿದು ಎದ್ದೆ. ಸಣ್ಣವಳಿದ್ದಾಗಿನಿಂದಲೂ ಹೀಗೆಯೇ, ನೆಂಟರು ಬಂದರೆ ನನ್ನ ಸೂಜಿ ಬಚ್ಚಲುಮನೆಗೆ.

"ಅಲ್ಲೂ ಹಿಂಗೇ ಒಳಗೋಗಿ ಚುಚ್ಕೊ ಕಣೆ," ಎಂದರು ದೊಡ್ಡಮ್ಮ. "ರಘು ಸ್ನೇಹಿತ್ರು ನೋಡಿದ್ರೆ, ಕಾಯಿಲೆಯವಳನ್ನ ಕಟ್ಕೊಂಡ ಅಂತಾರೆ."

ವಾಪಸ್ ಬಂದು ಕೂತೆ. ಎಲ್ಲರ ಎದುರೇ ಕುರ್ತಾ ಸ್ವಲ್ಪ ಎತ್ತಿ ಹೊಟ್ಟೆಗೆ ಚುಚ್ಚಿಕೊಂಡೆ.

"ರಘು ಎಲ್ಲಾ ಗೊತ್ತಿದ್ದೇ ಕಟ್ಕೊಂಡಿರೋದು ದೊಡ್ಡಮ್ಮ. ಫ್ರಿಜ್ಜಲ್ಲಿ ನನ್ ಇನ್ಸುಲಿನ್‌ಗೆ ಆಗ್ಲೇ ಜಾಗ ಮಾಡಿಟ್ಟಿದ್ದಾನೆ," ಎಂದೆ.

ಅಪ್ಪ ಸಾರಿನ ಪಾತ್ರೆ ತಮ್ಮ ಕಡೆ ಎಳೆದುಕೊಂಡರು. ಅಜ್ಜಿ ಮಾತ್ರ ಹತ್ತಿರ ಬಗ್ಗಿ ನೋಡಿ, "ನೋವಾಯ್ತದೇನೇ?" ಎಂದಳು. ಇಷ್ಟು ವರ್ಷಗಳಲ್ಲಿ ಈ ಮನೆಯಲ್ಲಿ ಯಾರೂ ಇದನ್ನು ಕೇಳಿರಲಿಲ್ಲ.

"ಆಗುತ್ತೆ ಅಜ್ಜಿ," ಎಂದು ಮುದ್ದೆ ಮುರಿದೆ.

ನನಗೆ ನಾಚಿಕೆಯಾಗಲಿಲ್ಲ. ಈಗ ಯೋಚಿಸಿದರೂ ಆಗುತ್ತಿಲ್ಲ. ಬುಧವಾರ ವಿಮಾನದಲ್ಲೂ ನನ್ನ ಸೀಟಿನಲ್ಲೇ ಕೂತು ಚುಚ್ಚಿಕೊಳ್ಳುತ್ತೇನೆ. ಪಕ್ಕದವರಿಗೆ ಕಷ್ಟವಾದರೆ ಕಿಟಕಿಯ ಕಡೆ ನೋಡಲಿ.